ನಮ್ಮಜ್ಜಿ ಮೂಢಳಲ್ಲ ಸಾರ್

2009ರಲ್ಲಿ ಒಂಬತ್ತನೇ ತರಗತಿಗೆ ಒಂದು ಪ್ರಬಂಧ ಬರೆಯಲು ಕೊಟ್ಟಿದ್ದೆ. ವಿಷಯ ‘ಮೂಢನಂಬಿಕೆಗಳು’. ಆಗ ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಬಿಸಿರಕ್ತ. ಬರೆಸುವ ಮುಂಚೆ ಒಂದು ಪೂರ್ತಿ ಪೀರಿಯಡ್ ಭಾಷಣ ಬಿಗಿದಿದ್ದೆ. ಬೆಕ್ಕು ಅಡ್ಡ ಬರುವುದರಿಂದ ಶುರುಮಾಡಿ, ರಾಹುಕಾಲ, ಗ್ರಹಣ ಎಲ್ಲ ಮುಗಿಸಿ ಜಾತ್ರೆಯಲ್ಲಿ ಮರಿ ಕಡಿಯುವುದರ ತನಕ ಬಂದಿದ್ದೆ. ಪ್ರಾಣಿಬಲಿ ತಡೆಯುವ ಕಾನೂನು ನಮ್ಮಲ್ಲಿ 1959ರಿಂದಲೇ ಇದೆ ಗೊತ್ತಾ ಅಂತ ಕೇಳಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಆ ಊರಿನ ಮಾರಮ್ಮನ ಜಾತ್ರೆ ಮುಗಿದು ಮೂರೇ ವಾರವಾಗಿತ್ತು. ಜಾತ್ರೆಯ ಮಾರನೇ ದಿನ ನನ್ನ ತರಗತಿಯ ಹಾಜರಿ ಹನ್ನೊಂದು.

ನಲವತ್ತೊಂದು ನೋಟ್‌ಬುಕ್ ಬಂದವು. ನಲವತ್ತರಲ್ಲಿ ಒಂದೇ ವಾಕ್ಯ: ‘ಅನಕ್ಷರಸ್ಥ ಜನರು ಮೂಢನಂಬಿಕೆಗಳಿಗೆ ಬಲಿಯಾಗಿದ್ದಾರೆ.’ ನಾನು ಬೋರ್ಡಿನ ಮೇಲೆ ಬರೆದಿದ್ದ ವಾಕ್ಯವೇ. ಕಾಗುಣಿತ ತಪ್ಪಿಲ್ಲದೆ ಬರೆದವರಿಗೆ ಎಂಟು, ಅಕ್ಷರ ದುಂಡಗಿದ್ದವರಿಗೆ ಒಂಬತ್ತು ಕೊಟ್ಟೆ.

ನಲವತ್ತೊಂದನೆಯದು ಒಂದು ಪುಟವೂ ಇರಲಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ. ‘ನನ್ನ ತಮ್ಮನಿಗೆ ಅಮ್ಮ ಆಗಿತ್ತು. ನಮ್ಮಜ್ಜಿ ಅವನನ್ನು ಎತ್ತಿಕೊಂಡು ಆಸ್ಪತ್ರೆಗೂ ಹೋದಳು. ಹರಕೆಯನ್ನೂ ಹೊತ್ತಳು. ವಾಸಿಯಾಯಿತು. ಜಾತ್ರೆಯಲ್ಲಿ ಮರಿ ಕಡಿದರು. ಆಗ ನಮ್ಮಜ್ಜಿ ಅತ್ತಳು. ಅದನ್ನು ಸಾಕಿದ್ದು ಅವಳೇ. ನಮ್ಮಜ್ಜಿಗೆ ಓದು ಬರುವುದಿಲ್ಲ. ಆದರೆ ನಮ್ಮಜ್ಜಿ ಮೂಢಳಲ್ಲ ಸಾರ್.’

ಪ್ರಬಂಧದ ಒಳಗೆ ‘ಸಾರ್’ ಅಂತ ಬರೆದಿದ್ದ. ಆ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಪಕ್ಕದಲ್ಲಿ ‘ವಿಷಯಾಂತರ’ ಅಂತ ಬರೆದೆ. ಹತ್ತಕ್ಕೆ ನಾಲ್ಕು ಕೊಟ್ಟೆ.

ಶಾಲೆಯಲ್ಲಿ ಮಕ್ಕಳಿಗೆ ಮೌಲ್ಯ ಕಲಿಸಬೇಕೋ, ಸಿದ್ಧಾಂತ ತುಂಬಬಾರದೋ ಅನ್ನುವ ಮಾತು ಎಲ್ಲಿ ಬಂದರೂ ನನಗೆ ಆ ಕೆಂಪು ಸುತ್ತು ನೆನಪಾಗುತ್ತದೆ. ಯಾಕೆಂದರೆ ಆ ಚರ್ಚೆಯಲ್ಲಿ ಮಕ್ಕಳ ತಲೆ ಕೆಡಿಸುವವರು ಯಾವಾಗಲೂ ‘ಅವರು’. ಅವರು ಯಾರು ಅನ್ನುವುದು ಮಾತಾಡುವವರು ಯಾವ ಕಡೆ ಕೂತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ನಾನು ಸ್ವಲ್ಪ ಎಡಕ್ಕೆ ವಾಲಿದವನು, ಮುಚ್ಚಿಡುವುದೇನಿಲ್ಲ. ಬಹಳ ವರ್ಷ ನನ್ನ ಲೆಕ್ಕದಲ್ಲಿ ತಲೆಗೆ ತುಂಬುವವರು ಆ ಕಡೆಯವರು, ವೈಜ್ಞಾನಿಕ ಮನೋಭಾವ ಬೆಳೆಸುವವರು ನಾವು. ಅದು ಸಂವಿಧಾನದ 51ಎ ವಿಧಿಯಲ್ಲೇ ಇದೆಯಲ್ಲ, ನಾಗರಿಕರ ಕರ್ತವ್ಯಗಳ ಪಟ್ಟಿಯಲ್ಲಿ! ನಾನು ಕಲಿಸುತ್ತಿದ್ದದ್ದು ತಪ್ಪು ಅಂತ ಈಗಲೂ ಅನಿಸುವುದಿಲ್ಲ. ಆದರೆ ನಡೆದದ್ದೇನು? ನಲವತ್ತು ಮಕ್ಕಳು ತಾವು ನಂಬದ ಮಾತನ್ನು ಮಾರ್ಕ್ಸಿಗಾಗಿ ಬರೆದರು. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ಮೂರು ವಾರದ ಹಿಂದೆ ಬಾಡೂಟ ಆಗಿತ್ತು. ಒಬ್ಬ ಮಾತ್ರ ಕಂಡದ್ದನ್ನು ಕಂಡ ಹಾಗೆ ಬರೆದ. ವಿಜ್ಞಾನದ ಮೊದಲನೇ ಮೆಟ್ಟಿಲು ಅದೇ ಅಲ್ವಾ? ಅವನಿಗೇ ನಾಲ್ಕು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯನೊಬ್ಬನ ವಾದ ಬೇರೆ. “ಲೋ, ನೀವು ಲೆಕ್ಕ, ವಿಜ್ಞಾನ, ಭಾಷೆ ಕಲಿಸಿ ಕಳಿಸ್ರೋ ಸಾಕು. ಒಳ್ಳೇದು ಕೆಟ್ಟದ್ದು ನಾವು ಮನೇಲಿ ಹೇಳ್ಕೊಡ್ತೀವಿ” ಅನ್ನುತ್ತಾನೆ. ಕೇಳೋಕೆ ಚೆನ್ನಾಗಿದೆ. ಅವನಿಗೆ ನಾನು ಸ್ಕಾಲರ್‌ಶಿಪ್ ಅರ್ಜಿಯ ದಿನದ ಕಥೆ ಹೇಳಿದೆ.

ಅವತ್ತು ಮೊದಲನೇ ಪೀರಿಯಡ್ ನಂದೇ. ಬಸವಣ್ಣನ ವಚನ. ಯಾರನ್ನೂ ಯಾವ ಕುಲ ಅಂತ ಕೇಳಬಾರದು, ಎಲ್ಲರೂ ನಮ್ಮವರೇ ಅಂತ ಗಂಟಲು ಹರಿಯುವ ಹಾಗೆ ಪಾಠ ಮಾಡಿದೆ. ಮಕ್ಕಳೂ ತಲೆದೂಗಿದರು. ಎರಡನೇ ಪೀರಿಯಡ್ ಶುರುವಾಗುವ ಹೊತ್ತಿಗೆ ಹೆಡ್‌ಮಾಸ್ಟರ್ ಕಡೆಯಿಂದ ಒಂದು ಚೀಟಿ ಬಂತು. ಮಧ್ಯಾಹ್ನದ ಒಳಗೆ ಪಟ್ಟಿ ಬೇಕು. ನಾನೇ ಇದ್ದೆನಲ್ಲ, “ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳ್ರಿ” ಅಂದೆ. ಯಾವ ಯೋಚನೆಯೂ ಇಲ್ಲದೆ ಅಂದೆ. ನಮ್ಮ ಮೇಷ್ಟ್ರುಗಳು ನಮಗೂ ಹಾಗೇ ಅಂದಿದ್ದರು. ಒಬ್ಬೊಬ್ಬರೇ ಎದ್ದರು. ಕೊನೆಯ ಬೆಂಚಿನ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಎದ್ದಿರಲಿಲ್ಲ. ಜೂನ್‌ನಲ್ಲಷ್ಟೇ ಬೇರೆ ಊರಿನಿಂದ ಬಂದು ಸೇರಿದ್ದವಳು. ಅವಳ ಹೆಸರು ನನ್ನ ಕೈಯ ಪಟ್ಟಿಯಲ್ಲಿತ್ತು. ಹೆಸರು ಹಿಡಿದು ಕರೆದೆ. ಎದ್ದಳು. ಪಕ್ಕದಲ್ಲಿ ಕೂತಿದ್ದವಳು ತಲೆ ಎತ್ತಿ ಅವಳನ್ನು ನೋಡಿದಳು. ಎರಡು ತಿಂಗಳಿಂದ ಜೊತೆಗೇ ಡಬ್ಬಿ ಬಿಚ್ಚುತ್ತಿದ್ದವಳು, ಮೊದಲ ಸಲ ನೋಡುವ ಹಾಗೆ ನೋಡಿದಳು.

ಆ ದಿನ ತರಗತಿ ಕಲಿತದ್ದು ಮೊದಲನೇ ಪೀರಿಯಡ್ಡಿನ ಪಾಠವನ್ನೋ ಎರಡನೆಯದನ್ನೋ? ಗೆಳೆಯನಿಗೆ ಇದನ್ನೇ ಕೇಳಿದೆ. ಲೆಕ್ಕ, ವಿಜ್ಞಾನ ಮಾತ್ರ ಕಲಿಸುವ ಶಾಲೆಯಲ್ಲೂ ಕಸ ಯಾರು ಗುಡಿಸುತ್ತಾರೆ, ಬೆಂಚು ಯಾರು ಎತ್ತುತ್ತಾರೆ ಅನ್ನುವುದು ಇದ್ದೇ ಇರುತ್ತದೆ. ನಮ್ಮಲ್ಲಿ ಪೊರಕೆ ಹೆಣ್ಣುಮಕ್ಕಳ ಕೈಗೆ ತಾನಾಗೇ ಹೋಗುತ್ತದೆ, ಯಾರೂ ಹೇಳಬೇಕಿಲ್ಲ. ಶಾಲೆ ಬಾಯಿ ಮುಚ್ಚಿಕೊಂಡಿದ್ದರೂ ಕಲಿಸುತ್ತಲೇ ಇರುತ್ತದೆ. ಗೆಳೆಯ “ಅದು ಬೇರೆ ಬಿಡು” ಅಂದ. ನನಗೆ ಅದೇ ಇದು ಅನ್ನಿಸಿತು.

ಮೌಲ್ಯಗಳ ಪಟ್ಟಿ ಮಾಡುವುದೇನೂ ಕಷ್ಟವಲ್ಲ. 1999ರಲ್ಲಿ ಎಸ್.ಬಿ. ಚವಾಣ್ ಅಧ್ಯಕ್ಷತೆಯ ಸಂಸತ್ತಿನ ಸಮಿತಿಯೊಂದು ಮೌಲ್ಯ ಶಿಕ್ಷಣದ ಬಗ್ಗೆ ವರದಿ ಕೊಟ್ಟಿತು. ಸತ್ಯ, ಸದ್ವರ್ತನೆ, ಶಾಂತಿ, ಪ್ರೀತಿ, ಅಹಿಂಸೆ, ಹೀಗೆ ಐದನ್ನು ಹೆಸರಿಸಿತು. ಈ ಐದನ್ನು ಬೇಡ ಅನ್ನುವ ಪಕ್ಷ ಭಾರತದಲ್ಲಿ ಇಲ್ಲ. ಜಗಳ ಶುರುವಾಗುವುದು ಉದಾಹರಣೆ ಕೊಡುವಾಗ. ಅಹಿಂಸೆ ಅಂದೆ, ಮರಿ ಕಡಿಯುವುದನ್ನು ಉದಾಹರಣೆ ಕೊಟ್ಟೆ, ಒಬ್ಬ ಹುಡುಗನ ಅಜ್ಜಿ ಅಪರಾಧಿಯಾದಳು. ಕಟುಕರ ಅಂಗಡಿಯನ್ನೋ, ಮಂತ್ರಿಗಳ ಮನೆಯ ಬೀಗರೂಟವನ್ನೋ ಉದಾಹರಣೆ ಕೊಡಲಿಲ್ಲ ನೋಡಿ. ಜಾತ್ರೆಯ ಬಡ ಹೆಂಗಸೇ ನನ್ನ ಕೈಗೆ ಸಿಕ್ಕಿದ್ದು. ಉದಾಹರಣೆ ಎಲ್ಲಿಂದ ಆರಿಸುತ್ತೇವೆ ಅನ್ನುವುದರಲ್ಲೇ ಸಿದ್ಧಾಂತ ಅಡಗಿ ಕೂತಿರುತ್ತದೆ. ಅದು ನನಗೆ ಗೊತ್ತಾಗಲು ಹತ್ತು ವರ್ಷ ಹಿಡಿಯಿತು.

2022ರ ಮೇ ತಿಂಗಳನ್ನು ಕರ್ನಾಟಕದ ಯಾವ ಕನ್ನಡ ಮೇಷ್ಟ್ರೂ ಮರೆಯುವ ಹಾಗಿಲ್ಲ. ಅದಕ್ಕೆ ಮುಂಚೆ ನಾವು ಪಾಠ ಮಾಡುತ್ತಿದ್ದದ್ದು ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳನ್ನು. ಸರ್ಕಾರ ಬದಲಾಗಿ, ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಅವನ್ನು ಮತ್ತೆ ಪರಿಷ್ಕರಿಸಿತು. ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಭಾಷಣ ಬಂತು. ಭಗತ್ ಸಿಂಗ್ ಪಾಠ ಕೈಬಿಟ್ಟರು ಅಂತ ಗದ್ದಲ, ಬಿಟ್ಟಿಲ್ಲ ಅಂತ ಸ್ಪಷ್ಟನೆ. ದೇವನೂರ ಮಹಾದೇವ ತಮ್ಮ ಬರಹ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ವಾಪಸ್ ಪಡೆದರು. ಬಸವಣ್ಣನ ಬಗ್ಗೆ ಬರೆದದ್ದು ಸರಿಯಿಲ್ಲ ಅಂತ ಮಠಾಧೀಶರು ತಕರಾರು ತೆಗೆದರು. ಜೂನ್‌ನಲ್ಲಿ ಸಮಿತಿಯನ್ನೇ ವಿಸರ್ಜಿಸಿದರು. ಪುಸ್ತಕ ಉಳಿಯಿತು.

ಹೆಡಗೇವಾರ್ ಅವರ ಆ ಪಾಠದಲ್ಲಿ ಒಂದು ತಮಾಷೆ ಇದೆ. ಆದರ್ಶ ಪುರುಷ ಯಾರಾಗಬೇಕು ಅನ್ನುವುದು ಅದರ ಪ್ರಶ್ನೆ. ವ್ಯಕ್ತಿಯನ್ನು ನೆಚ್ಚಿಕೊಳ್ಳಬೇಡಿ, ತತ್ವವನ್ನು ಆದರ್ಶ ಮಾಡಿಕೊಳ್ಳಿ ಅನ್ನುವುದು ಒಟ್ಟು ಸಾರ. ಅಂಥ ಪಾಠ ಪುಸ್ತಕದ ಒಳಗೆ ಬಂದದ್ದೂ ಬರೆದ ವ್ಯಕ್ತಿಯ ಹೆಸರಿನಿಂದ, ಹೊರಗೆ ಹೋದದ್ದೂ ಅದೇ ಹೆಸರಿನಿಂದ. ಒಳಗಿನ ಮಾತನ್ನು ಓದಿ ಜಗಳ ಆಡಿದವರನ್ನು ನಾನು ಜಾಸ್ತಿ ಕಾಣಲಿಲ್ಲ.

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಆ ಪಾಠವನ್ನೂ ಸಾವರ್ಕರ್ ಕುರಿತ ಪಾಠವನ್ನೂ ತೆಗೆಯಲು ತೀರ್ಮಾನಿಸಿತು. ನನಗೆ ಖುಷಿಯಾಯಿತು. ಸುಮ್ನೆ ಯಾಕೆ ಸುಳ್ಳು ಹೇಳಲಿ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಟೀ ತರಿಸಿದೆ. ಆದರೆ ಪುಸ್ತಕಗಳು ಅಷ್ಟು ಹೊತ್ತಿಗೆ ಅಚ್ಚಾಗಿ ಮಕ್ಕಳ ಕೈ ಸೇರಿದ್ದವು. ಹೊಸದಾಗಿ ಅಚ್ಚು ಮಾಡುವ ಬದಲು ಪೂರಕ ಪುಸ್ತಿಕೆ ಮಾಡಿದರು. ಇಂಥದ್ದು ಸೇರಿಸಿ, ಇಂಥದ್ದು ಬಿಡಿ ಅಂತ. ನಾನು ತರಗತಿಗೆ ಹೋಗಿ “ಪುಸ್ತಕ ತೆಗೀರಿ, ಈ ಪಾಠದ ಮೇಲೆ ಪೆನ್ಸಿಲ್‌ನಲ್ಲಿ ಇಂಟು ಹಾಕ್ಕೊಳ್ಳಿ” ಅಂದೆ. ಎಲ್ಲರೂ ಹಾಕಿಕೊಂಡರು. ಕೆಲವರು ಸ್ಕೇಲ್ ಇಟ್ಟು ಹಾಕಿದರು.

ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಯಾಕ್ ಸಾರ್ ಇದನ್ನ ಬಿಡೋದು?”

“ಪರೀಕ್ಷೆಗೆ ಬರಲ್ಲ” ಅಂದೆ.

ಅವನಿಗೆ ಸಮಾಧಾನವಾಯಿತು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮನೆಗೆ ಹೋಗುವಾಗ ಮಾತ್ರ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಂಥ ಪ್ರಶ್ನೆ ಅದು! ಪುಸ್ತಕ ಯಾರು ಬರೆಸುತ್ತಾರೆ, ಸರ್ಕಾರ ಬದಲಾದರೆ ಪಾಠ ಯಾಕೆ ಬದಲಾಗುತ್ತದೆ, ಒಂದು ಪಾಠ ಬೇಡ ಅನ್ನಲು ಯಾವುದು ಸರಿಯಾದ ಕಾರಣ, ಯಾವುದಲ್ಲ? ಹದಿನೈದು ವರ್ಷದ ಮಕ್ಕಳ ಜೊತೆ ಒಂದು ವಾರ ಮಾತಾಡಬಹುದಿತ್ತು. ಆ ಪಾಠವನ್ನು ಓದಿಸಿ, ಅದನ್ನು ಒಪ್ಪದವರು ಏನು ಬರೆದಿದ್ದಾರೆ ಅನ್ನುವುದನ್ನೂ ಓದಿಸಿ, “ನಿಮಗೇನು ಅನಿಸುತ್ತೆ” ಅನ್ನಬಹುದಿತ್ತು. ನಾನು ಟೀ ಕುಡಿದ ಖುಷಿಯಲ್ಲಿದ್ದೆ. ಜೊತೆಗೆ ಹೆದರಿಕೆ. ತರಗತಿಯಲ್ಲಿ ಹೆಡಗೇವಾರ್ ಬಗ್ಗೆ ಚರ್ಚೆ ಮಾಡಿಸಿದ ಮೇಷ್ಟ್ರು ಅಂತ ಯಾರಾದರೂ ಒಂದು ವಿಡಿಯೊ ಹರಿಬಿಟ್ಟರೆ ಬಿಇಓ ಆಫೀಸಿಗೆ ಅಲೆಯಬೇಕು. ಯಾವ ಕಡೆಯವರು ಬೇಕಾದರೂ ಹರಿಬಿಡಬಹುದು.

ಎರಡೂ ಕಡೆಯವರು ಒಂದೇ ಅಂತ ಹೇಳುತ್ತಿಲ್ಲ. ಒಂದು ಪಾಠ ಪಕ್ಕದ ಮನೆಯವರನ್ನು ದ್ವೇಷಿಸಲು ಕಲಿಸುತ್ತಿದ್ದರೆ ಅದನ್ನು ಇಟ್ಟುಕೊಂಡು ‘ಸಮತೋಲನ’ ಅನ್ನುವುದು ಸೋಗು. ನನ್ನ ತಕರಾರು ರೀತಿಯ ಬಗ್ಗೆ. ಹೊಸ ಬಾಡಿಗೆದಾರ ಬಂದ ತಕ್ಷಣ ಗೋಡೆಗೆ ಸುಣ್ಣ ಹೊಡೆಸುವ ಹಾಗೆ ಪ್ರತಿ ಸರ್ಕಾರವೂ ಬಂದ ಕೂಡಲೇ ಪಠ್ಯಪುಸ್ತಕಕ್ಕೆ ಕೈ ಹಾಕುತ್ತದೆ. ಆರು ವರ್ಷದಲ್ಲಿ ಮೂರು ಸಲ ಆಯಿತು. ಮಕ್ಕಳು ಇದರಿಂದ ಕಲಿಯುವ ಮೌಲ್ಯ ಒಂದೇ: ಗೆದ್ದವರು ಹೇಳಿದ್ದು ಪಾಠ.

ಕಾನೂನು ಏನನ್ನುತ್ತದೆ ಅಂತ ಕೇಳುವವರಿದ್ದಾರೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಬಗ್ಗೆ ತಿಳಿಸುವುದಕ್ಕೆ ಅದು ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿತು. ಹಬ್ಬದ ಬಗ್ಗೆ ಹೇಳುವುದು ಬೇರೆ, ಹಬ್ಬ ಮಾಡಿಸುವುದು ಬೇರೆ. ಕಾಗದದ ಮೇಲೆ ಸಲೀಸು. ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬೀಳ್ಕೊಡುವ ದಿನ ಶಾರದಾ ಪೂಜೆ ಇರುತ್ತದೆ. ಹಾಲ್ ಟಿಕೆಟ್ ಪಟದ ಮುಂದಿಟ್ಟು ಮಂಗಳಾರತಿ. ಮುಸ್ಲಿಂ ಮಕ್ಕಳೂ ನಿಂತಿರುತ್ತಾರೆ, ಚಿತ್ರಾನ್ನ ತಿಂದು ಹೋಗುತ್ತಾರೆ. ನಿಮಗಿದು ಸರಿಯಾ ಅಂತ ನಾನು ಇಷ್ಟು ವರ್ಷದಲ್ಲಿ ಅವರನ್ನು ಕೇಳಿಲ್ಲ. ಕೇಳಿದರೆ “ಪರ್ವಾಗಿಲ್ಲ ಸಾರ್” ಅನ್ನುತ್ತಾರೆ ಅಂತ ಗೊತ್ತು. ಆ ಪರವಾಗಿಲ್ಲದಲ್ಲಿ ಎಷ್ಟು ನಿಜ, ಎಷ್ಟು ಹಿಂಜರಿಕೆ ಅಂತ ಗೊತ್ತಿಲ್ಲದ್ದರಿಂದಲೇ ಕೇಳಿಲ್ಲವೇನೋ.

ಇಂಥ ಗೊಂದಲದಲ್ಲಿ ನನಗೆ ದಾರಿ ತೋರಿಸಿದ್ದು ಕೇರಳದ ಒಂದು ಹಳೇ ಪ್ರಕರಣ. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಬಂದಾಗ ಎಲ್ಲರ ಜೊತೆ ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರನ್ನು ಬಿಟ್ಟು ಬೇರೆ ಯಾವುದನ್ನೂ ಸ್ತುತಿಸಬಾರದು ಅನ್ನುವುದು ಅವರ ನಂಬಿಕೆ. ಅದುವರೆಗೆ ಯಾರಿಗೂ ಅದು ತೊಂದರೆ ಅನಿಸಿರಲಿಲ್ಲ. 1985ರ ಜುಲೈನಲ್ಲಿ ಒಬ್ಬ ಶಾಸಕರ ಕಣ್ಣಿಗೆ ಬಿತ್ತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ವಿಚಾರಣೆ ಮಾಡಿದವರು ಮಕ್ಕಳು ಯಾವ ಅಗೌರವವನ್ನೂ ತೋರಿಸಿಲ್ಲ ಅಂದರು. ಆದರೂ ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ನಮ್ಮ ಸಂವಿಧಾನ ಅದನ್ನು ನಡೆಸಿ ತೋರಿಸುತ್ತದೆ, ಅದಕ್ಕೆ ನೀರು ಬೆರೆಸಬೇಡಿ ಅನ್ನುವ ಅರ್ಥದ ಮಾತು ಅದರ ಕೊನೆಯಲ್ಲಿದೆ.

ಇದನ್ನು ಓದಿದ ಮೇಲೆ ನಾನು ನೋಡುವ ಜಾಗ ಬದಲಾಯಿತು. ಶಾಲೆ ಏನು ಕಲಿಸುತ್ತದೆ ಅನ್ನುವುದು ಇರಲಿ, ಎಲ್ಲರೂ ಹಾಡುವಾಗ ಹಾಡದೆ ನಿಂತ ಮಗುವಿಗೆ ಏನಾಗುತ್ತದೆ? ರಾಷ್ಟ್ರಗೀತೆ ಒಳ್ಳೆಯದೇ. ಮೂಢನಂಬಿಕೆ ಬೇಡ ಅನ್ನುವುದೂ ಒಳ್ಳೆಯದೇ. ಒಳ್ಳೆಯದನ್ನು ಕಲಿಸುವಾಗಲೇ ಮೇಷ್ಟ್ರ ಕೈ ಕೆಂಪು ಪೆನ್ನಿಗೆ ಬೇಗ ಹೋಗುತ್ತದೆ. ಕೆಟ್ಟದ್ದು ಕಲಿಸುತ್ತಿದ್ದೇನೆ ಅನ್ನುವ ಅನುಮಾನವಾದರೂ ಇದ್ದರೆ ಸ್ವಲ್ಪ ತಡೆದೀತು.

2023ರಿಂದ ನಮ್ಮಲ್ಲಿ ಬೆಳಿಗ್ಗೆ ಸಂವಿಧಾನದ ಪ್ರಸ್ತಾವನೆ ಓದಿಸುತ್ತೇವೆ. ನನಗೆ ಪ್ರಿಯವಾದ ಪಠ್ಯ. ಮಕ್ಕಳು ಒಂದೇ ಉಸಿರಿನಲ್ಲಿ, ಮಗ್ಗಿ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ. ಎಂಟು ತಿಂಗಳಾದ ಮೇಲೆ ಒಬ್ಬ ಹುಡುಗಿ ಬಂದು “ಸಾರ್ವಭೌಮ ಅಂದ್ರೆ ಏನ್ ಸಾರ್?” ಅಂದಳು. ಅಲ್ಲಿಯವರೆಗೆ ಇನ್ನೂರು ಮಕ್ಕಳೂ ನಾವು ಒಂಬತ್ತು ಜನ ಮೇಷ್ಟ್ರುಗಳೂ ದಿನಾ ಅದರ ಮೇಲೆ ಹಾದು ಹೋಗಿದ್ದೆವು.

ಇನ್ನು ಬೋರ್ಡಿನ ಕಥೆ. ಕರ್ನಾಟಕದಲ್ಲಿ ಓದಿದ ಯಾರಿಗೆ ಆ ಸಾಲು ಗೊತ್ತಿಲ್ಲ? ‘ಜ್ಞಾನ ದೇಗುಲವಿದು ಕೈ ಮುಗಿದು ಒಳಗೆ ಬಾ.’ ಕುವೆಂಪು ಅವರದು ಅಂತ ಎಲ್ಲರೂ ಹೇಳುತ್ತಾರೆ. 2024ರ ಫೆಬ್ರುವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ಅದು ‘ಧೈರ್ಯವಾಗಿ ಪ್ರಶ್ನಿಸಿ’ ಅಂತ ಬದಲಾಯಿತು. ವಿರೋಧ ಪಕ್ಷದವರು ಕುವೆಂಪುಗೆ ಅವಮಾನ ಅಂದರು. ಇನ್ನೊಂದು ಕಡೆಯವರು ಕುವೆಂಪು ಬದುಕಿದ್ದರೆ ಇದನ್ನೇ ಒಪ್ಪುತ್ತಿದ್ದರು ಅಂದರು. ವ್ಯಾಕರಣ ಕಲಿಸುವವನಾಗಿ ನನಗೆ ಕಂಡದ್ದು ಇಷ್ಟೇ: ‘ಬಾ’ ಕೂಡ ವಿಧ್ಯರ್ಥ, ‘ಪ್ರಶ್ನಿಸಿ’ ಕೂಡ ವಿಧ್ಯರ್ಥ. ಎರಡೂ ಅಪ್ಪಣೆಯೇ. ಎರಡನ್ನೂ ಮೇಲೆ ಕೂತವರು ಬರೆಸಿದ್ದಾರೆ, ಕೆಳಗೆ ನಿಂತ ಮಗು ಕತ್ತೆತ್ತಿ ಓದಬೇಕು.

ಅದಕ್ಕೆ ಎರಡೇ ತಿಂಗಳ ಹಿಂದೆ, 2023ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನಲ್ಲಿ ಅದೇ ಇಲಾಖೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಹೊರಗೆ ಬಂದಿತ್ತು. ಅಮಾನತು, ಬಂಧನ ಎಲ್ಲ ಆಯಿತು. ಆ ಗುಂಡಿಯ ಮುಂದೆ ನಿಂತ ಮಗು “ನಾನು ಇಳಿಯಲ್ಲ” ಅನ್ನಬಹುದಿತ್ತಾ? ಅಂದಿದ್ದರೆ ಅದರ ಪರವಾಗಿ ಆ ಆವರಣದಲ್ಲಿ ಒಬ್ಬ ದೊಡ್ಡವರು ನಿಲ್ಲುತ್ತಿದ್ದರಾ? ಬೋರ್ಡಿನ ಬಗ್ಗೆ ಟೀವಿಯಲ್ಲಿ ಅಷ್ಟು ಜನ ಮಾತಾಡಿದರು. ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟವರು ನನಗೆ ಕಾಣಲಿಲ್ಲ.

ಮೊಟ್ಟೆಯ ವಿಷಯದಲ್ಲಿ ಮಕ್ಕಳೇ ಮಾತಾಡಿದ್ದರು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳ ಅಪೌಷ್ಟಿಕತೆ ಜಾಸ್ತಿ ಇದ್ದದ್ದು ಆ ಜಿಲ್ಲೆಗಳಲ್ಲೇ. ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂದಳು. ಆ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಮುಂದೆ ಮೊಟ್ಟೆ ಎಲ್ಲ ಜಿಲ್ಲೆಗೂ ಬಂತು, 2023ರಲ್ಲಿ ಒಂಬತ್ತು ಹತ್ತನೇ ತರಗತಿಗೂ ಬಂತು. ತಿನ್ನದವರಿಗೆ ಆಗ ಬಾಳೆಹಣ್ಣು, ಇಲ್ಲವೇ ಚಿಕ್ಕಿ ಕೊಡುತ್ತಿದ್ದರು.

ನಮ್ಮ ಶಾಲೆಯಲ್ಲಿ ಮೊದಲ ದಿನ ಪಿಟಿ ಮೇಷ್ಟ್ರು ಶಿಸ್ತಾಗಿ ಎರಡು ಸಾಲು ಮಾಡಿಸಿದರು. ನಲ್ಲಿ ಕಡೆ ಮೊಟ್ಟೆಯವರು, ಬೇವಿನ ಮರದ ಕಡೆ ಬಾಳೆಹಣ್ಣಿನವರು. ಅವರ ಉದ್ದೇಶ ಗಲಾಟೆ ಆಗಬಾರದು ಅಂತಷ್ಟೇ. ಆದರೆ ಸಾಲು ನಿಂತ ಮೇಲೆ ನೋಡಿದರೆ ಅದು ಜಾತಿಯ ಪಟ್ಟಿ. ಯಾರ ಮನೆ ಯಾವುದು ಅಂತ ದೂರದಿಂದಲೇ ಓದಬಹುದಿತ್ತು. ಬಾಳೆಹಣ್ಣಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ “ಸಾರ್, ನಾನೂ ಮೊಟ್ಟೆ ತಗೊಳ್ಲಾ? ಮನೇಲಿ ಹೇಳ್ಬೇಡಿ” ಅಂದಳು.

ಏನು ಹೇಳಬೇಕು? ಅವಳ ಅಪ್ಪ ಅಮ್ಮ ಬಾಳೆಹಣ್ಣು ಅಂತ ಬರೆದುಕೊಟ್ಟಿದ್ದರು. ಹದಿನಾಲ್ಕು ವರ್ಷದ ಹುಡುಗಿಗೆ ತಾನೇನು ತಿನ್ನಬೇಕು ಅನ್ನುವ ಆಸೆ ಇರಬಾರದಾ? ತಗೋ ಅಂದರೆ ಅವರ ಮನೆಯ ನಂಬಿಕೆಯನ್ನು ಬೆನ್ನ ಹಿಂದೆ ಮುರಿದ ಹಾಗೆ. ಬೇಡ ಅಂದರೆ ನಾನು ಅವರ ಮನೆಯ ಕಾವಲುಗಾರ. ನಾನು ಏನೂ ಹೇಳಲಿಲ್ಲ. ಹಾಜರಿ ಪುಸ್ತಕ ತಿರುವಿ ಹಾಕುತ್ತಾ ನಿಂತೆ. ಅವಳು ಅರ್ಥ ಮಾಡಿಕೊಂಡು ನಲ್ಲಿ ಕಡೆ ಹೋದಳು. ಅದು ಅವಳ ಮೇಲಿಟ್ಟ ಗೌರವವೋ ನನ್ನ ಪುಕ್ಕಲುತನವೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಮಾರನೇ ವಾರ ಎರಡು ಸಾಲಿನ ವ್ಯವಸ್ಥೆಯನ್ನು ಮುರಿದವರು ನಮ್ಮ ಅಡುಗೆಯ ಅಕ್ಕ. ಎರಡು ಕಡೆ ಓಡಾಡಿ ಬಡಿಸುವುದು ಅವರಿಗೆ ಕಾಲುನೋವು. “ಒಂದೇ ಸಾಲು ಮಾಡ್ಸಿ ಸಾರ್, ಒಂದು ಬುಟ್ಟೀಲಿ ಎರಡೂ ಇಕ್ತೀನಿ, ಬೇಕಾದ್ದು ತಗೊಂಡ್ ಹೋಗ್ಲಿ” ಅಂದರು. ಮೊಟ್ಟೆಗೆ ಒಂದು ತಟ್ಟೆ ಮುಚ್ಚಿ, ಪಕ್ಕದಲ್ಲಿ ಹಣ್ಣು ಇಟ್ಟರು. ಸಾಲು ಒಂದಾಯಿತು. ಯಾವ ಸುತ್ತೋಲೆಯೂ ಬರಲಿಲ್ಲ. ಅವರಿಗೆ ಮೌಲ್ಯ ಶಿಕ್ಷಣದ ತರಬೇತಿಯನ್ನೂ ಯಾರೂ ಕೊಟ್ಟಿಲ್ಲ. ನನಗೆ ಎರಡು ಸಲ ಕೊಟ್ಟಿದ್ದಾರೆ, ಊಟ ಸಮೇತ.

ಆ ನಲವತ್ತೊಂದನೇ ನೋಟ್‌ಬುಕ್‌ನ ಹುಡುಗ ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ನಾನು ಗುರುತು ಹಿಡಿಯಲಿಲ್ಲ, ಅವನೇ ಬಂದು ಮಾತಾಡಿಸಿದ. ಪೀಣ್ಯದಲ್ಲಿ ಒಂದಷ್ಟು ವರ್ಷ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾನಂತೆ. ಟೀ ಕೊಡಿಸಿದ. “ಅಜ್ಜಿ ಹೇಗಿದಾರಪ್ಪ?” ಅಂದೆ. ಇದ್ದಾಳೆ ಸಾರ್, ಕಣ್ಣು ಸರಿಯಾಗಿ ಕಾಣಲ್ಲ ಅಂದ. ಪ್ರಬಂಧದ ವಿಷಯ ಎತ್ತಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಅವನು ಮರೆತಿದ್ದರೆ ನೆನಪಿಸಿ ಏನು ಪ್ರಯೋಜನ? ನೋಟ್‌ಬುಕ್‌ಗಳು ಆ ವರ್ಷವೇ ರದ್ದಿಗೆ ಹೋಗಿವೆ, ನಾಲ್ಕನ್ನು ಒಂಬತ್ತು ಮಾಡಲು ಆಗುವುದಿಲ್ಲ.

ಅಷ್ಟರಲ್ಲಿ ಅವನೇ ಬೇರೆ ಮಾತು ತೆಗೆದ. “ಸಾರ್, ಮಗಳನ್ನ ಈ ವರ್ಷ ಸ್ಕೂಲಿಗೆ ಸೇರಿಸ್ಬೇಕು. ರೋಡಲ್ಲಿ ಹೊಸದೊಂದು ಆಗಿದೆಯಲ್ಲ, ಅಲ್ಲಿ ಸಂಸ್ಕಾರ ಕಲಿಸ್ತಾರಂತೆ. ಇನ್ನೊಂದು ಕಡೆ ಬರೀ ಇಂಗ್ಲಿಷು, ಕಂಪ್ಯೂಟರು. ಸರ್ಕಾರಿ ಶಾಲೆ ಅಂದ್ರೆ ನಮ್ಮನೆಯವ್ಳು ಒಪ್ಪಲ್ಲ. ನೀವ್ ಹೇಳಿ ಸಾರ್, ಯಾವುದು ಒಳ್ಳೇದು?”

ಸಂಸ್ಕಾರ ಅಂದರೆ ಯಾರ ಸಂಸ್ಕಾರ ಅಂತ ಒಂದು ಭಾಷಣ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹದಿನಾರು ವರ್ಷದ ಹಿಂದೆ ಅವನಿಗೆ ಒಂದು ಪೀರಿಯಡ್ ಮಾಡಿದ್ದು ಸಾಕಾಗಿತ್ತು.

“ಸೇರಿಸೋ ಮುಂಚೆ ಎರಡೂ ಕಡೆ ಊಟದ ಹೊತ್ತಿಗೆ ಒಂದ್ಸಲ ಹೋಗಿ ನೋಡಪ್ಪ” ಅಂದೆ. “ಯಾರು ಯಾರ ಜೊತೆ ಕೂತು ತಿಂತಾರೆ, ಅನ್ನ ಚೆಲ್ಲಿದ ಮಗೂನ ಮಿಸ್ ಹೇಗೆ ಮಾತಾಡಿಸ್ತಾರೆ, ಆಯಾಗೆ ಏನಂತ ಕರೀತಾರೆ, ಅಷ್ಟು ನೋಡ್ಕೊಂಡು ಬಾ.”

ಅವನು ಟೀ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ.

“ಗೇಟ್ ಒಳಗೆ ಬಿಡ್ತಾರಾ ಸಾರ್?”